ಕುಬಸದ ಬುತ್ತಿಯೂ ಬಣ್ಣದ ಪುಗ್ಗೆಯೂ

ಚೊಚ್ಚಲ ಬಸುರಿಗೆ ಕುಬಸ ಮಾಡದ ಮನೆಯನ್ನು ನಮ್ಮ ರಾಯಚೂರು ಸೀಮೆಯಲ್ಲಿ ಕಾಣುವುದು ದುರ್ಲಭ. ದಕ್ಷಿಣದ ಜಿಲ್ಲೆಗಳವರು ಸೀಮಂತವೆಂದು ಕರೆಯುವುದಕ್ಕೆ ನಮ್ಮಲ್ಲಿ ಕುಬಸವೆಂದು ಹೆಸರು. ಸಂಸ್ಕೃತದ ಕೂರ್ಪಾಸ ಶಬ್ದವು ಕನ್ನಡದಲ್ಲಿ ಕುಪ್ಪಸವಾಗಿ, ಜನರ ಬಾಯಲ್ಲಿ ಕುಬಸವಾಗಿ ನಿಂತಿದೆ. ಬಸುರಿಯ ಮೈ ತುಂಬುತ್ತ ಬಂದಂತೆ ಹಳೆಯ ಕುಪ್ಪಸಗಳು ಬಿಗಿಯಾಗುವುವು. ಆಗ ತವರಿನವರು ಹೊಸ ಖಣವನ್ನೂ ಹಸಿರು ಸೀರೆಯನ್ನೂ ಹಸಿರು ಬಳೆಗಳನ್ನೂ ತಂದು, ಉಡಿ ತುಂಬಿ, ಅವಳಿಗೆ ಬಯಕೆಯಾದುದನ್ನು ಉಣಿಸಿ ಹರಸಿ ಹೋಗುವುದು, ಇಷ್ಟೇ ಈ ಕಾರ್ಯದ ತಿರುಳು. ಬಂದ ಮುತ್ತೈದೆಯರು ತಾವು ಕಟ್ಟಿ ತಂದ ಬುತ್ತಿಯನ್ನು ಬಿಚ್ಚುವರು. ಎಲ್ಲರ ಬುತ್ತಿಯೂ ಒಂದೇ ಎಡೆಯಲ್ಲಿ ಕೂಡುವುದು. ಆದುದರಿಂದ ಹಿಂದೆ ಕುಬಸವೆಂದರೆ ಬಡವನಿಗೂ ಅಂಜಿಕೆಯಿರಲಿಲ್ಲ. ಈಚೆಗಂತೂ ಸಭಾಂಗಣ, ಹೂವಿನ ಕಮಾನು, ಛಾಯಾಚಿತ್ರಗಾರ, ನಾಲ್ಕು ಬಗೆಯ ಸಿಹಿ ಎಂದು ಬೆಳೆದು ಬೆಳೆದು, ಕುಬಸ ಮಾಡಿದ ಸಾಲ ತೀರುವ ಮುನ್ನವೇ ಹೆರಿಗೆಯ ಸಾಲ ಬಾಗಿಲಿಗೆ ಬರುವ ಸ್ಥಿತಿ ಒದಗಿದೆ. ಇದನ್ನು ವಾಚಕರಿಗೆ ನಾವು ಬೇರೆ ಹೇಳಬೇಕಾಗಿಲ್ಲ.

ಈ ಸಾಲದ ಹೊರೆಯ ಮೇಲೆ ಈಗ ಇನ್ನೊಂದು ಹೊಸ ಆಟವು ಸಮುದ್ರ ದಾಟಿ ಬಂದಿದೆ. ಅಮೆರಿಕದಲ್ಲಿ ಬಸುರಿಯ ಹೊಟ್ಟೆಯೊಳಗಿನ ಕೂಸು ಗಂಡೋ ಹೆಣ್ಣೋ ಎಂಬುದನ್ನು ವೈದ್ಯರು ಯಂತ್ರದಿಂದ ನೋಡಿ, ಚೀಟಿಯಲ್ಲಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ ಕೊಡುವರಂತೆ. ತಂದೆತಾಯಿಗಳು ಅದನ್ನು ತೆರೆಯದೆ ಮಿಠಾಯಿಯವನ ಕೈಗೋ ಪುಗ್ಗೆ ಮಾರುವವನ ಕೈಗೋ ಕೊಡುವರು. ಅತಿಥಿಗಳೆಲ್ಲ ನೆರೆದ ಮೇಲೆ ಕೇಕನ್ನು ಕೊಯ್ದರೆ ಒಳಗೆ ನೀಲಿಯಿದ್ದರೆ ಗಂಡು, ಗುಲಾಬಿಯಿದ್ದರೆ ಹೆಣ್ಣು. 2008ರಲ್ಲಿ ಜೆನ್ನಾ ಕಾರ್ವುನಿಡಿಸ್ ಎಂಬ ಮಹಿಳೆ ತನ್ನ ಮನೆಯವರನ್ನು ಕೂಡಿಸಿ ಕೊಯ್ದ ಇಂಥದೊಂದು ಕೇಕಿನಿಂದ ಈ ಪದ್ಧತಿ ಜಗತ್ತಿಗೆಲ್ಲ ಹಬ್ಬಿತು. ಒಳಗೆ ಗುಲಾಬಿ ಬಣ್ಣವಿದ್ದಿತು. ಆಕೆಯೇ 2019ರಲ್ಲಿ, ಇದು ಇಷ್ಟು ದೂರ ಹೋದುದಕ್ಕೆ ತನಗೆ ವ್ಯಥೆಯಾಗಿದೆಯೆಂದೂ, ಆ ಕೇಕಿನ ಮಗಳು ಬೆಳೆದು ಕೋಟು ಷರಾಯಿಗಳನ್ನೇ ಮೆಚ್ಚಿ ತೊಡುತ್ತಿರುವಳೆಂದೂ ಬಹಿರಂಗವಾಗಿ ಹೇಳಿಕೊಂಡಳು. ಅಷ್ಟರಲ್ಲಿ ಕೇಕು ಹೋಗಿ ಪಟಾಕಿ ಬಂದಿದ್ದಿತು. 2020ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದಲ್ಲಿ ಇಂಥ ಕೂಟವೊಂದರ ಬಣ್ಣದ ಹೊಗೆಬಾಣದಿಂದ ಒಣಹುಲ್ಲಿಗೆ ಕಿಡಿ ತಗುಲಿ, 22,000 ಎಕರೆಗೂ ಮಿಕ್ಕ ನೆಲ ಸುಟ್ಟು, ಬೆಂಕಿಯಾರಿಸಲು ಹೋದವನೊಬ್ಬನು ಪ್ರಾಣ ಕಳೆದುಕೊಂಡನು. ಇನ್ನು ನೀಲಿ ಗಂಡಿಗೆ, ಗುಲಾಬಿ ಹೆಣ್ಣಿಗೆ ಎಂಬುದಾದರೂ ಮನುವಿನ ಕಾಲದ್ದೇನಲ್ಲ. 1918ರಲ್ಲಿ ಅದೇ ಅಮೆರಿಕದ ಮಕ್ಕಳ ಉಡುಪಿನ ವ್ಯಾಪಾರದ ಪತ್ರಿಕೆಯೊಂದು ಗುಲಾಬಿಯೇ ಗಂಡುಮಕ್ಕಳಿಗೆ ತಕ್ಕುದು, ನೀಲಿಯು ಹೆಣ್ಣುಮಕ್ಕಳಿಗೆ ಒಪ್ಪುವುದು ಎಂದು ಬರೆದಿದ್ದಿತು. ನಮ್ಮಲ್ಲಾದರೋ ಬಸುರಿಯ ಬಣ್ಣ ಹಸಿರೊಂದೇ.

ನಮ್ಮ ಕಿರಿಯ ಮಗಳನ್ನು ಸಿಂಧನೂರಿಗೆ ಕೊಟ್ಟಿದೆ. ಅಳಿಯಂದಿರು ಬೆಂಗಳೂರಿನಲ್ಲಿ ಉದ್ಯೋಗಸ್ಥರು; ಅವರ ದೊಡ್ಡಪ್ಪನ ಮಗ ಅಮೆರಿಕದಲ್ಲಿರುವನು. ಆತನ ಮನೆಯಲ್ಲಿ ನಡೆದ ಇಂಥ ಕೂಟದ ಚಿತ್ರವು ದೂರವಾಣಿಯಲ್ಲಿ ಓಡಾಡಿ ಕಡೆಗೆ ಮಸ್ಕಿಯಲ್ಲಿರುವ ನಮ್ಮ ಕೈಗೂ ಬಂದಿತು. ಕರಿಯ ಪುಗ್ಗೆಯೊಂದನ್ನು ಒಡೆದೊಡನೆ ಬಣ್ಣದ ಪುಡಿ ಸುರಿಯಿತು, ಜನ ಕುಣಿದರು. ಮರುದಿನವೇ ಅಳಿಯಂದಿರ ಕರೆ ಬಂದಿತು. “ಮಾವಾರ, ಸಭಾಂಗಣ ಬ್ಯಾಡ, ಊಟದ ಗುತ್ತಿಗಿ ಬ್ಯಾಡ. ಮನಿ ಮುಂದ ಒಂದು ಪುಗ್ಗೆ ಕಟ್ಟೋಣ. ಮುನ್ನೂರು ರೂಪಾಯಿನಾಗ ಮುಗೀತೈತಿ. ಬಂದ ಮಂದೀನೂ ಆಟದಾಗ ಕೂಡ್ತಾರ” ಎಂದರು. ಖರ್ಚು ಕಡಿಮೆಯಾಗಬೇಕು, ಬಂದವರು ಬರಿಯ ಉಂಡು ಹೋಗದೆ ಕಾರ್ಯದಲ್ಲಿ ಕೈಗೂಡಿಸಬೇಕು ಎಂಬ ಅವರ ಎರಡು ಮಾತುಗಳೂ ನಮಗೆ ಬಹಳ ಹಿಡಿಸಿದವು. ಪುಗ್ಗೆಯೊಳಗಿನ ಬಣ್ಣ ಮಾತ್ರ ಹಿಡಿಸಲಿಲ್ಲ.

ಮೊದಲನೆಯ ತೊಡಕು ರಾಜಶಾಸನದ್ದು. ನಮ್ಮ ದೇಶದಲ್ಲಿ ಆ ಲಕೋಟೆಯೇ ಅಪರಾಧ. ಪ್ರಸವಪೂರ್ವ ಪರೀಕ್ಷೆಗಳ ದುರುಪಯೋಗವನ್ನು ತಡೆಯುವ ಕಾಯಿದೆಯು 1994ರಲ್ಲಿ ಆಗಿ, 1996ರ ಜನವರಿ 1ರಿಂದ ಜಾರಿಗೆ ಬಂದು, 2003ರಲ್ಲಿ ತಿದ್ದುಪಡಿಯಿಂದ ಇನ್ನಷ್ಟು ಬಿಗಿಯಾಯಿತು. ಹೊಟ್ಟೆಯೊಳಗಿನ ಕೂಸಿನ ಲಿಂಗವನ್ನು ಬಸುರಿಗಾಗಲಿ ಅವಳ ಬಂಧುಗಳಿಗಾಗಲಿ ಮಾತಿನಿಂದ, ಸನ್ನೆಯಿಂದ, ಅಥವಾ ಇನ್ನಾವ ರೀತಿಯಿಂದಲೂ ತಿಳಿಸಕೂಡದೆಂದು ಅದರ ಐದನೆಯ ಕಲಮು ಹೇಳುತ್ತದೆ. ಮಿಠಾಯಿಯ ಬಣ್ಣವೂ ಪುಗ್ಗೆಯ ಪುಡಿಯೂ ಆ ‘ಇನ್ನಾವ ರೀತಿ’ಯಲ್ಲಿ ಸೇರುವುವೆಂಬುದಕ್ಕೆ ವಕೀಲರ ವ್ಯಾಖ್ಯಾನ ಬೇಡ. ಹೇಳಿದ ವೈದ್ಯನಿಗೆ ಶಿಕ್ಷೆಯುಂಟು. ಹೇಳೆಂದು ಕೇಳಿಕೊಂಡು ಹೋದ ಬಂಧುಗಳಿಗೂ ಮೂರು ವರ್ಷದವರೆಗೆ ಸೆರೆವಾಸ, 50,000 ರೂಪಾಯಿಯವರೆಗೆ ದಂಡ ಉಂಟು. ಇಷ್ಟು ಕಠಿಣವೇಕೆಂದರೆ, ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಇದ್ದ ಹೆಣ್ಣುಮಕ್ಕಳು 2001ರ ಗಣತಿಗೆ 927, 2011ರ ಗಣತಿಗೆ 918 ಆದರು. ಕಾಯಿದೆಯಿದ್ದರೂ ಕಳ್ಳದಾರಿ ಮುಚ್ಚಿಲ್ಲ. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟು ಈ ಕೆಲಸ ನಡೆಸುತ್ತಿದ್ದವರು ಪೊಲೀಸರ ಕೈಗೆ ಸಿಕ್ಕಿದರು. ಬೆಲ್ಲ ಕಾಸುವ ಮನೆಯಲ್ಲಿ ಇಂಥ ಕೆಲಸ! ನಮ್ಮ ದೂರದ ಬಂಧುವೊಬ್ಬರು ಕೂಡ, ಗಡಿಯಾಚೆ ಒಂದು ಕಡೆ ಹೇಳುತ್ತಾರೆಂದು ಕಿವಿಯಲ್ಲಿ ಉಸುರಿದರು. ಅವರಿಗೆ ನಾವು ಕೊಟ್ಟ ಉತ್ತರವನ್ನು ಕುಟುಂಬಗಳವರು ಓದುವ ಪತ್ರಿಕೆಯಲ್ಲಿ ಬರೆಯುವುದು ಉಚಿತವಲ್ಲ.

ಅಳಿಯಂದಿರು ಸುಶಿಕ್ಷಿತರು, ಕಾಯಿದೆಯ ಮಾತನ್ನು ಕೂಡಲೇ ಒಪ್ಪಿದರು. ಆದರೆ ಎರಡು ದಿನದ ಮೇಲೆ ಇನ್ನೊಂದು ಉಪಾಯ ತಂದರು. ಯಂತ್ರವೂ ಬೇಡ, ಲಕೋಟೆಯೂ ಬೇಡ. ಬಂದವರೆಲ್ಲ ಬರಿಯ ಊಹೆ ಮಾಡಲಿ. ಗಂಡೆನ್ನುವವರು ನೀಲಿ ಪಟ್ಟಿ ಕಟ್ಟಿಕೊಳ್ಳಲಿ, ಹೆಣ್ಣೆನ್ನುವವರು ಗುಲಾಬಿ ಪಟ್ಟಿ ಕಟ್ಟಿಕೊಳ್ಳಲಿ. ಹೆರಿಗೆಯಾದ ಮೇಲೆ ಗೆದ್ದವರಿಗೆ ಪೇಢೆ. ಊಹೆಗೆ ಯಾವ ಕಾಯಿದೆಯೂ ಅಡ್ಡಿ ಬರುವುದಿಲ್ಲ. ಊಹೆಯ ಆಟವು ಹೊಸದೂ ಅಲ್ಲ. ಮರಾಠಿ ಮನೆಗಳ ಡೋಹಾಳೆ ಜೇವಣದಲ್ಲಿ ಎರಡು ಬಟ್ಟಲುಗಳ ಕೆಳಗೆ ಪೇಢೆಯನ್ನೂ ಬರ್ಫಿಯನ್ನೂ ಮುಚ್ಚಿಟ್ಟು ಬಸುರಿಯಿಂದ ಒಂದನ್ನು ಎತ್ತಿಸುವರು. ಪೇಢೆ ಬಂದರೆ ಗಂಡು, ಬರ್ಫಿ ಬಂದರೆ ಹೆಣ್ಣು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿಯೂ ಲಕ್ಷಣಗಳ ಪಟ್ಟಿಯೇ ಇದೆ: ಬಲಗಾಲನ್ನು ಮೊದಲು ಎತ್ತಿದರೆ ಗಂಡು, ಪುಲ್ಲಿಂಗದ ಹೆಸರುಳ್ಳ ಪದಾರ್ಥಗಳನ್ನು ಬಯಸಿದರೆ ಗಂಡು ಎಂದು. ಈ ಎರಡನೆಯ ಲಕ್ಷಣವು ನಮ್ಮಂಥ ವ್ಯಾಕರಣದ ಮಾಸ್ತರರಿಗೆ ಬಹಳ ರುಚಿಸತಕ್ಕದ್ದು. ನಾವು ಪರೀಕ್ಷಿಸಿಯೂ ನೋಡಿದೆವು. ಆಮ್ರವು ಪುಲ್ಲಿಂಗ, ತಿಂತ್ರಿಣಿಯು ಸ್ತ್ರೀಲಿಂಗ. ನಮ್ಮ ಮಗಳು ಮಾವಿನ ಉಪ್ಪಿನಕಾಯಿಯನ್ನೂ ಹುಣಿಸೆಯ ತೊಕ್ಕನ್ನೂ ಒಂದೇ ತಾಟಿನಲ್ಲಿ ಕೇಳಿದಳು. ಅದೇ ಸಂಹಿತೆಯು ನಾಲ್ಕನೆಯ ತಿಂಗಳ ಬಸುರಿಯನ್ನು ಎರಡು ಹೃದಯವುಳ್ಳವಳೆಂದು ಕರೆದು, ಅವಳ ಬಯಕೆಯನ್ನು ತಡೆಯಬಾರದೆಂದು ಹೇಳಿರುವುದನ್ನು ಮಾತ್ರ ನಾವು ಶಿರಸಾವಹಿಸಿದೆವು.

ಹೀಗೆ ನಗುತ್ತ ಒಪ್ಪಿಕೊಳ್ಳುವುದರಲ್ಲಿದ್ದಾಗ ಲಿಂಗಸುಗೂರಿನಿಂದ ನಮ್ಮ ಹಿರಿಯ ಮಗಳು ಬಂದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ಒಂಬತ್ತು ವರ್ಷ. ಪಟ್ಟಿಯ ಸಂಗತಿಯನ್ನು ಕೇಳಿ ಅವಳು ಮಾತಾಡದೆ ಅಡಿಗೆಮನೆಗೆ ಹೋದಳು. ಸಂಜೆ ನಾವು ಕಟ್ಟೆಯ ಮೇಲೆ ಕುಳಿತಿದ್ದಾಗ ತಾನಾಗಿಯೇ ಬಂದು ಹೇಳಿದಳು. “ಅಪ್ಪಾ, ನನ್ನ ಕುಬಸದಾಗ ಎರಡು ಬಟ್ಟಲ ಇಟ್ಟಿದ್ರು. ನಾ ಎತ್ತಿದ್ದರಾಗ ಬರ್ಫಿ ಬಂತು. ಮಂದಿ ಒಂದು ಗಳಿಗಿ ಸುಮ್ಮನಾದ್ರು. ಆಮ್ಯಾಲೆ ಒಬ್ಬ ಮುದುಕಿ, ಇರಲಿ ಬಿಡ್ರಿ, ಮುಂದಿನ ಸಲ ನೋಡೋಣಂತ ಅಂದ್ಳು. ಕೂಸು ಇನ್ನ ಹುಟ್ಟಿದ್ದಿಲ್ಲ, ಅದಕ್ಕ ಆಗಲೇ ‘ಇರಲಿ ಬಿಡ್ರಿ’ ಅಂದ್ರು. ನಾ ಹಸಿರು ಸೀರಿ ಉಟ್ಕೊಂಡು, ದಂಡಿ ಕಟ್ಕೊಂಡು ಕುಂತು ಅದನ್ನ ಕೇಳಿದೆ. ತಂಗಿ ಕುಬಸದಾಗ ಮಂದಿ ನೀಲಿ ಪಟ್ಟಿ ಗುಲಾಬಿ ಪಟ್ಟಿ ಕಟ್ಕೊಂಡು ಕುಂತ್ರ, ನನ್ನ ಎರಡು ಹುಡುಗ್ಯಾರನ್ನ ಕರ್ಕೊಂಡು ನಾ ಬರಂಗಿಲ್ಲ.” ಇಷ್ಟು ಹೇಳಿ ಎದ್ದು ಹೋದಳು. ತಂಗಿಯ ಕುಬಸಕ್ಕೆ ಅಕ್ಕ ಬಾರದಿದ್ದರೆ ಅದು ಕುಬಸವೇ ಅಲ್ಲವೆಂಬುದು ನಮ್ಮ ಕಡೆಯ ಹೆಂಗಸರಿಗೆ ಗೊತ್ತಿರುವ ಮಾತು. ಆ ಹತ್ತು ವರ್ಷಗಳಲ್ಲಿ ಅವಳು ಈ ಸಂಗತಿಯನ್ನು ಯಾರ ಮುಂದೆಯೂ ಆಡಿರಲಿಲ್ಲ. ತನ್ನ ತಾಯಿಯ ಮುಂದೆ ಕೂಡ.

ಆ ರಾತ್ರಿ ನಮಗೆ ಬೇಗ ನಿದ್ರೆ ಹತ್ತಲಿಲ್ಲ. ಎದ್ದು ದೀಪ ಹಚ್ಚಿ ಹಳೆಯ ಪುಸ್ತಕಗಳನ್ನು ತೆಗೆದೆವು. ನಮ್ಮ ಗೃಹ್ಯಸೂತ್ರಗಳಲ್ಲಿ ಪುಂಸವನವೆಂಬ ಸಂಸ್ಕಾರವೊಂದುಂಟು. ಅದರ ಹೆಸರೇ ಹೇಳುವಂತೆ ಅದು ಗಂಡುಮಗುವನ್ನು ಬೇಡುವ ಕರ್ಮ. ಇದನ್ನು ಮುಚ್ಚಿಟ್ಟು, ಹಿಂದಿನವರೆಲ್ಲ ಸಮದೃಷ್ಟಿಯವರಾಗಿದ್ದರೆಂದು ಸಾರುವುದು ವಿದ್ಯಾವಂತರಿಗೆ ಸಲ್ಲದು. ಆದರೆ ಅದರ ಮಗ್ಗುಲಲ್ಲಿಯೇ ಇರುವ ಸೀಮಂತೋನ್ನಯನವನ್ನು ನೋಡಿರಿ. ಗೋಭಿಲ ಗೃಹ್ಯಸೂತ್ರದ ಪ್ರಕಾರ ಇದು ಚೊಚ್ಚಲ ಬಸಿರಿನ ನಾಲ್ಕನೆಯ, ಆರನೆಯ ಅಥವಾ ಎಂಟನೆಯ ತಿಂಗಳಲ್ಲಿ ಆಗತಕ್ಕದ್ದು. ಗಂಡನು ಹೆಂಡತಿಯ ಬೈತಲೆಯನ್ನು ಮುಳ್ಳುಹಂದಿಯ ಮುಳ್ಳಿನಿಂದ ತೆಗೆಯುವನು. ತರುವಾಯ ಎಳ್ಳು ಬೆರೆಸಿ ಬೇಯಿಸಿದ ಅನ್ನದ ಮೇಲೆ ತುಪ್ಪ ಸುರಿದು ಅವಳ ಮುಂದೆ ಹಿಡಿದು, ಏನನ್ನು ಕಾಣುವೆ ಎಂದು ಕೇಳಬೇಕು. ಅವಳು ಕೊಡಬೇಕಾದ ಉತ್ತರದಲ್ಲಿ ಮೊದಲನೆಯ ಮಾತು ‘ಪ್ರಜೆ’ ಎಂದು, ಅಂದರೆ ಸಂತಾನವೆಂದು. ಪುತ್ರನೆಂದಲ್ಲ. ಲಿಂಗವನ್ನು ಕೇಳುವ ಸಂದರ್ಭವೇ ಆಗಿದ್ದರೂ ಸೂತ್ರಕಾರನು ಕೇಳಲಿಲ್ಲ. ಅದೇ ಪ್ರಸಂಗದಲ್ಲಿ ಮುತ್ತೈದೆಯರು ‘ವೀರರನ್ನು ಹಡೆ’ ಎಂದು ಹರಸುವರು ಎಂಬುದೂ ಇದೆ. ಆದರೆ ವೀರರೆಂದರೆ ಗಂಡಸರೇ ಎಂದು ಕಿತ್ತೂರ ಚೆನ್ನಮ್ಮನನ್ನು ಕಂಡ ಕನ್ನಡ ನಾಡಿನವರು ಹೇಳಲಾರರು. ಬೃಹದಾರಣ್ಯಕೋಪನಿಷತ್ತಿನ ಕೊನೆಯ ಅಧ್ಯಾಯದಲ್ಲಿಯಂತೂ, ಪಂಡಿತೆಯಾದ, ಪೂರ್ಣಾಯುಷ್ಯದ ಮಗಳು ಬೇಕೆನ್ನುವ ದಂಪತಿಗಳು ಎಳ್ಳನ್ನಕ್ಕೆ ತುಪ್ಪ ಹಾಕಿಕೊಂಡು ಉಣ್ಣಬೇಕೆಂಬ ವಿಧಿಯೇ ಇದೆ. ಭಾಷ್ಯಕಾರರು ಆ ಪಾಂಡಿತ್ಯವನ್ನು ಮನೆಗೆಲಸದ ಪಾಂಡಿತ್ಯವೆಂದು ಕಿರಿದು ಮಾಡಿದರು. ಆಚಾರ್ಯರಲ್ಲಿ ನಮಗೆ ಅಪಾರ ಭಕ್ತಿಯುಂಟು. ಈ ಒಂದು ಪಂಕ್ತಿಯನ್ನು ಬಿಟ್ಟು.

ಇನ್ನೊಂದು ಸಾಕ್ಷಿಯು ನಮ್ಮ ಊರಿಗೆ ಸಂಬಂಧಿಸಿದುದು. ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಚಿನ್ನದ ಗಣಿಯ ಅಧಿಕಾರಿಯಾಗಿದ್ದ ಬೀಡನ್ ಎಂಬವರು ಕಂಡುಹಿಡಿದ ಶಾಸನದಲ್ಲಿ ಅಶೋಕನ ಹೆಸರು ಸ್ಪಷ್ಟವಾಗಿ ಇರುವುದನ್ನು ಶಾಲೆಯ ಮಕ್ಕಳೂ ಬಲ್ಲರು. ಅದೇ ಚಕ್ರವರ್ತಿಯ ಒಂಬತ್ತನೆಯ ಬಂಡೆಶಾಸನವು, ಇದು ಮಸ್ಕಿಯದಲ್ಲ, ಗಿರ್ನಾರ್ ಕಾಲ್ಸಿ ಮುಂತಾದ ಕಡೆ ಇರುವುದು, ಜನರು ಮಾಡುವ ಮಂಗಲಕಾರ್ಯಗಳ ವಿಷಯವಾಗಿದೆ. ಕಾಯಿಲೆಯಲ್ಲಿ, ಮದುವೆಯಲ್ಲಿ, ಮಕ್ಕಳಾಗುವಲ್ಲಿ, ಪ್ರವಾಸದಲ್ಲಿ ಜನರು, ಅದರಲ್ಲಿಯೂ ಹೆಂಗಸರು, ಬಗೆಬಗೆಯ ಕ್ಷುದ್ರ ಮಂಗಲಗಳನ್ನು ಮಾಡುವರು. ಮಾಡಲಿ, ಆದರೆ ಅವುಗಳ ಫಲ ಅಲ್ಪ. ಆಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದು, ಹಿರಿಯರನ್ನು ಗೌರವಿಸುವುದು ಮುಂತಾದ ಧರ್ಮಮಂಗಲದ ಫಲವೇ ದೊಡ್ಡದು ಎಂದು ಅದರ ತಾತ್ಪರ್ಯ. ಖರ್ಚಿನ ಕುಬಸಗಳನ್ನು ಚಕ್ರವರ್ತಿಯು ಎರಡು ಸಾವಿರ ವರ್ಷಗಳ ಹಿಂದೆಯೇ ಕಂಡಿದ್ದನೆಂದು ತೋರುತ್ತದೆ. ನಮ್ಮನ್ನು ತಡೆದು ನಿಲ್ಲಿಸಿದುದು ಬೇರೊಂದು ವಿಷಯ. ಗಿರ್ನಾರಿನ ಪಾಠದಲ್ಲಿ ಈ ಜಾಗದಲ್ಲಿ ‘ಪುತ್ರಲಾಭ’ವೆಂದಿದೆ; ಕಾಲ್ಸಿಯ ಪಾಠದಲ್ಲಿ ಪ್ರಜೆಯ ಹುಟ್ಟು ಎಂಬ ಅರ್ಥದ ಮಾತಿದೆ. ರಾಜಾಜ್ಞೆ ಒಂದೇ, ಒಂದು ಬಂಡೆಯ ಬರಹದಲ್ಲಿ ಮಗ ಬಂದನು, ಇನ್ನೊಂದರಲ್ಲಿ ಮಕ್ಕಳು ಬಂದರು. ನಮ್ಮ ಮನೆಯಲ್ಲಿಯೂ ಅಂದು ಅದೇ ಎರಡು ಪಾಠಗಳು ಎದುರುಬದುರಾಗಿ ನಿಂತಿದ್ದವು.

ಮುಂದಿನ ಭಾನುವಾರ ಬೀಗರು ಮಸ್ಕಿಗೆ ಬಂದರು. ಬೀಗತಿಯವರು ಒಳ್ಳೆಯ ಮನಸ್ಸಿನವರು, ಮಾತು ನೇರ. “ಮಾಸ್ತರ್ರ, ನಮ್ಮ ಮನ್ಯಾಗ ಇದು ಮೊದಲನೇ ಮೊಮ್ಮಗ. ನಾಕು ಮಂದಿ ಆಟ ಆಡಿ ನಕ್ಕರ ಅದರಾಗೇನ ತಪ್ಪೈತಿ?” ಎಂದರು. ನಾವು ಸೂತ್ರವನ್ನು ಎತ್ತುವುದರೊಳಗೆ ಹಿರಿಯ ಮಗಳು ಚಹದ ಬಟ್ಟಲು ಕೆಳಗಿಡುತ್ತ, “ಅತ್ತಿ, ನೀವು ಈಗ ಮೊಮ್ಮಗ ಅಂದ್ರಿ ನೋಡ್ರಿ” ಎಂದಳು. ಬೀಗತಿಯವರು ಕ್ಷಣಹೊತ್ತು ಸುಮ್ಮನಿದ್ದು, ಆಮೇಲೆ ನಕ್ಕು, “ಹೌದವ್ವ, ಬಾಯಾಗ ಅದ ಬರ್ತೈತಿ” ಎಂದರು. ಅನಂತರ ತಾವಾಗಿಯೇ ತಮ್ಮ ಹೆರಿಗೆಗಳ ಸುದ್ದಿ ತೆಗೆದರು. ಮೂರು ಹೆಣ್ಣಾದ ಮೇಲೆ ನಾಲ್ಕನೆಯವರು ನಮ್ಮ ಅಳಿಯಂದಿರು. ಮೂರನೆಯ ಬಾಣಂತನದಲ್ಲಿ ತಮಗೆ ಅಂಟಿನುಂಡೆ ಕಟ್ಟಿ ಕೊಡುವವರಿರಲಿಲ್ಲ, ನಾಲ್ಕನೆಯದರಲ್ಲಿ ಎರಡು ಮನೆಗಳಿಂದ ಬಂದಿದ್ದವು ಎಂದರು. ಅಳಿಯಂದಿರು ಈ ಸಂಗತಿಯನ್ನು ಮೊದಲ ಸಲ ಕೇಳಿದರೆಂದು ಅವರ ಮುಖವೇ ಹೇಳುತ್ತಿದ್ದಿತು. ಪಟ್ಟಿಯ ಪ್ರಸ್ತಾಪ ಮತ್ತೆ ಬರಲಿಲ್ಲ.

ಹಾಗಾದರೆ ಅತಿಥಿಗಳು ಮಾಡುವುದೇನು? ಅಳಿಯಂದಿರ ಮೂಲ ಮಾತು ನ್ಯಾಯವಾದುದೇ. ಜನರಿಗೆ ಕೈಕೆಲಸ ಬೇಕು. ಅಂದೇ ಕುಳಿತು ಮೂರು ಕೆಲಸಗಳನ್ನು ಗೊತ್ತುಮಾಡಿದೆವು. ಒಂದು, ಹಳೆಯ ಬುತ್ತಿಯ ಪದ್ಧತಿ. ಆದರೆ ಮೊದಲೇ ಹಂಚಿಕೊಂಡು ತರತಕ್ಕದ್ದು, ಇಲ್ಲವಾದರೆ ಹನ್ನೆರಡು ಮನೆಯಿಂದ ಹನ್ನೆರಡು ಮೊಸರು ಬುತ್ತಿ ಬರುವುದು. ಎರಡು, ಪ್ರತಿಯೊಂದು ಮನೆಯವರೂ ಉಟ್ಟು ಮೆತ್ತಗಾದ ಹಳೆಯ ಸೀರೆಯದೋ ಧೋತರದ್ದೋ ಒಗೆದ ತುಂಡೊಂದನ್ನು ತರಬೇಕು; ಕುಬಸದ ಮಧ್ಯಾಹ್ನ ಎಲ್ಲರೂ ಕೂಡಿ ಕೂಸಿಗೆ ಕೌದಿ ಹೊಲಿಯುವುದು. ಈ ಎರಡನೆಯದು ಹಿರಿಯ ಮಗಳ ಸೂಚನೆ. ಕೌದಿಯಲ್ಲಿ ನೀಲಿಯೂ ಬರುವುದು, ಗುಲಾಬಿಯೂ ಬರುವುದು, ಅಜ್ಜಿಯ ಕಾಡಿಗೆಗಪ್ಪೂ ಬರುವುದು, ಯಾವುದಕ್ಕೂ ಚಪ್ಪಾಳೆಯಿಲ್ಲ. ಮೂರು, ಬಂದವರು ಪ್ರತಿಯೊಬ್ಬರೂ ಗಂಡಿಗೊಂದು ಹೆಣ್ಣಿಗೊಂದು ಹೆಸರನ್ನು ಹೇಳಿ ಒಂದೇ ಚೀಟಿಯಲ್ಲಿ ಬರೆಸಿ ತಾಮ್ರದ ಕೊಡದಲ್ಲಿ ಹಾಕಬೇಕು. ಒಂದೇ ಹೆಸರು ಹೇಳಿದವರ ಚೀಟಿಯನ್ನು ತೆಗೆದುಕೊಳ್ಳುವುದಿಲ್ಲ. ಬರೆಯುವ ಅಧಿಕಾರವನ್ನು ಒಂಬತ್ತು ವರ್ಷದ ಮೊಮ್ಮಗಳಿಗೆ ಕೊಟ್ಟೆವು. ಅವಳು ಅದನ್ನು ನಾವು ಶಾಲೆಯಲ್ಲಿ ಹಾಜರಿ ತೆಗೆಯುತ್ತಿದ್ದುದಕ್ಕಿಂತ ಕಟ್ಟುನಿಟ್ಟಾಗಿ ನಡೆಸಿದಳು.

ಕುಬಸವನ್ನು ಫಾಲ್ಗುಣ ಮಾಸದಲ್ಲಿ ಸಿಂಧನೂರಿನ ಬೀಗರ ಮನೆಯ ಅಂಗಳದಲ್ಲಿಯೇ ಇಟ್ಟುಕೊಂಡೆವು. ಲಿಂಗಸುಗೂರಿನಿಂದ ಮಸ್ಕಿಯ ಮೇಲೆ ಸಿಂಧನೂರಿಗೆ ಹೋಗುವ ಹಾದಿ ಒಂದೇ ಆದುದರಿಂದ ಬಾಡಿಗೆಯ ಗಾಡಿಯ ಮಾತೇ ಬರಲಿಲ್ಲ. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವಷ್ಟೆ. ಲಿಂಗಸುಗೂರಿನ ಹೆಣ್ಣುಮಕ್ಕಳು ಹತ್ತಿದ ಬಸ್ಸಿಗೆ ಮಸ್ಕಿಯಲ್ಲಿ ನಮ್ಮ ಗೃಹಿಣಿಯೂ ಓಣಿಯ ಏಳು ಜನರೂ ಬುತ್ತಿಗಂಟುಗಳೊಡನೆ ಹತ್ತಿದರು. ಟಿಕೆಟ್ಟು ಕೊಂಡ ಪ್ರಯಾಣಿಕರು ಆ ಬಸ್ಸಿನಲ್ಲಿ ನಾವೂ ಇನ್ನು ನಾಲ್ಕು ಜನ ಗಂಡಸರೂ ಮಾತ್ರ. ಬುತ್ತಿಯ ಹಂಚಿಕೆಯನ್ನು ನೆಲದ ಗುಣ ನೋಡಿ ಮಾಡಿದ್ದೆವು. ಲಿಂಗಸುಗೂರಿನ ಕಡೆಯದು ಹೆಚ್ಚಾಗಿ ಒಣಭೂಮಿ. ಅವರಿಂದ ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬಿಳಿಜೋಳದ ಕಡಕುರೊಟ್ಟಿ, ಗುರೆಳ್ಳು ಪುಡಿ. ಸಿಂಧನೂರು ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಭತ್ತದ ಸೀಮೆ. ಅವರಿಂದ ಮೊಸರು ಬುತ್ತಿ, ಹುಳಿ ಬುತ್ತಿ. ಮಸ್ಕಿಯಿಂದ ಶೇಂಗಾ ಹೋಳಿಗೆ, ಎಣ್ಣೆಗಾಯಿ ಬದನೆಕಾಯಿ, ಪುಂಡಿಪಲ್ಯ. ಎಳ್ಳು ಬುತ್ತಿಯೊಂದನ್ನು ಮಾತ್ರ ನಮ್ಮ ಗೃಹಿಣಿಯೇ ಬೆಳಗಿನ ಜಾವ ಎದ್ದು ಕಟ್ಟಿದಳು.

ಬಂದ ನಲವತ್ತೆರಡು ಜನರಲ್ಲಿ ಬೀಗರ ಓಣಿಯವರೂ ಇದ್ದರು, ಮತ್ತು ಸಿಂಧನೂರಿನ ಓಣಿಯೆಂದರೆ ಒಂದು ಚಿಕ್ಕ ಭರತಖಂಡವೇ ಸರಿ. ಕಾಲುವೆಯ ಬೆನ್ನಹಿಂದೆ ಬಂದು ನೆಲೆನಿಂತ ತೆಲುಗರ ಮನೆಯವರು ತಮ್ಮಲ್ಲಿ ಇದಕ್ಕೆ ಶ್ರೀಮಂತಂ ಎನ್ನುವರೆಂದು ಹೇಳಿ ಪುಲಿಹೋರ ತಂದರು. 1970ರ ಸುಮಾರಿಗೆ ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದವರಿಗೆ ಈ ತಾಲ್ಲೂಕಿನಲ್ಲಿ ಪುನರ್ವಸತಿ ಕ್ಯಾಂಪುಗಳಾದವು. ಆ ಕ್ಯಾಂಪಿನ ಒಬ್ಬ ಮುದುಕಿಯು ಬೀಗತಿಯವರಿಗೆ ಬಹುಕಾಲದ ಗೆಳತಿ. ತಮ್ಮಲ್ಲಿ ಇದಕ್ಕೆ ‘ಸಾಧ್’ ಎಂದು ಹೆಸರು, ಸಾಧ್ ಎಂದರೆ ಬಯಕೆಯೇ, ಎಂದು ಒಳ್ಳೆಯ ಕನ್ನಡದಲ್ಲಿ ವಿವರಿಸಿ ಪಾಯಸದ ಬಟ್ಟಲನ್ನು ಮಗಳ ಕೈಗಿಟ್ಟಳು. ಬಳೆ ಇಡಿಸಲು ಬಂದ ಬಳೆಗಾರ ಚಾಚಾನು ತಮ್ಮ ಮನೆಗಳಲ್ಲಿಯೂ ಏಳನೆಯ ತಿಂಗಳಲ್ಲಿ ‘ಸತ್ವಾಸಾ’ ಮಾಡುವರೆಂದು ಹೇಳಿ, ಹನ್ನೆರಡು ಡಜನ್ ಬಳೆಗಳ ಹಣ ತೆಗೆದುಕೊಂಡು ಹದಿಮೂರನೆಯ ಡಜನ್ನನ್ನು ಪುಕ್ಕಟೆಯಾಗಿ ಇಡಿಸಿದನು. ನಾಲ್ಕು ಭಾಷೆಗಳಲ್ಲಿ ನಾಲ್ಕು ಹೆಸರು. ಮಾಡುವುದು ಮಾತ್ರ ಎಲ್ಲರೂ ಒಂದನ್ನೇ, ಬಸುರಿಗೆ ಉಣಿಸುವುದು. ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52ರಷ್ಟು ಮಂದಿಗೆ ರಕ್ತಹೀನತೆಯಿರುವುದಾಗಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕಂಡುಬಂದಿದೆ. ಹೀಗಿರಲು ಈ ಉಣಿಸುವಿಕೆಯು ಬರಿಯ ಶಾಸ್ತ್ರವಲ್ಲ. ಓಣಿಯ ಆಶಾ ಕಾರ್ಯಕರ್ತೆಯೂ ಬಂದಿದ್ದಳು. ಆಕೆ ತಾಯಿ ಕಾರ್ಡನ್ನು ತರಿಸಿ ನೋಡಿ, ಕಬ್ಬಿಣದ ಗುಳಿಗೆಗಳಲ್ಲಿ ಹತ್ತು ಉಳಿದಿರುವುದನ್ನು ಎಣಿಸಿ, ಎಲ್ಲರೆದುರಿಗೇ ನಮ್ಮ ಮಗಳನ್ನು ಗದರಿಸಿದಳು. ಆ ಆಶೀರ್ವಾದವೂ ಬೇಕಾದುದೇ.

ಉಡಿ ತುಂಬಿದ ಮೇಲೆ ನಾವು ಅಳಿಯಂದಿರ ಕೈಗೆ ಎಳ್ಳು ಬುತ್ತಿಯ ಬಟ್ಟಲನ್ನು ಕೊಟ್ಟು, ಮೇಲೆ ತುಪ್ಪ ಹಾಕಿಸಿ, ಗೋಭಿಲನ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿಸಿದೆವು. “ಇದರಾಗ ಏನ್ ಕಾಣ್ತೈತಿ?” ಎಂದು ಅವರು ನಾಚುತ್ತ ಕೇಳಿದರು. ಮಗಳು ಬಟ್ಟಲನ್ನು ಇಣುಕಿ ನೋಡಿ, “ಕೂಸು ಕಾಣ್ತೈತಿ, ತುಪ್ಪ ಸ್ವಲ್ಪ ಕಡಿಮಿ ಕಾಣ್ತೈತಿ” ಎಂದಳು. ಹೆಂಗಸರು ನಕ್ಕ ನಗೆಗೆ ಅಂಗಳದ ಬೇವಿನ ಮರದ ಗುಬ್ಬಿಗಳು ಹಾರಿದವು. ಕೂಸು ಎಂಬ ಆ ಶಬ್ದವನ್ನು ನಾವು ಕಲಿಸಿಕೊಟ್ಟಿರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಮಕ್ಕಳಿಗೆ ಲಿಂಗಪ್ರಕರಣವನ್ನು ಪಾಠ ಹೇಳಿದ ನಾವು ಆ ಗಳಿಗೆಯಲ್ಲಿ ಅದರ ಸೊಗಸನ್ನು ಕಂಡೆವು. ಸಂಸ್ಕೃತದಲ್ಲಿ ಪ್ರಜಾಶಬ್ದವು ಸ್ತ್ರೀಲಿಂಗ, ಅಪತ್ಯಶಬ್ದವು ನಪುಂಸಕಲಿಂಗ. ಕನ್ನಡದಲ್ಲಿ ಕೂಸೂ ಮಗುವೂ ನಪುಂಸಕಲಿಂಗವೇ. ಕೂಸು ಹುಟ್ಟಿತು, ಮಗು ನಕ್ಕಿತು. ಸೋಬಾನೆ ಹಾಡುವಾಗ ಗಂಡುಮಗನೆಂಬ ಮಾತು ಬಂದ ಕಡೆಯಲ್ಲೆಲ್ಲ ಬೀಗತಿಯವರೇ ದನಿಯೆತ್ತಿ ಕಂದನೆಂದು ಹೇಳಿ ಮುಂದೆ ಸಾಗಿಸಿದುದನ್ನು ಹಿರಿಯ ಮಗಳು ನಮಗೆ ಕಣ್ಸನ್ನೆಯಿಂದ ತೋರಿಸಿದಳು.

ಖರ್ಚಿನ ಲೆಕ್ಕವನ್ನು ವಾಚಕರು ಕೇಳದಿರಲಾರರು. ಹಸಿರು ಇಳಕಲ್ ಸೀರೆಗೆ 2,200 ರೂಪಾಯಿ, ಗುಳೇದಗುಡ್ಡದ ಖಣಕ್ಕೆ 300, ಬಳೆಗಳಿಗೆ 480, ಹೂವಿನ ದಂಡೆಗೆ 350, ಅಕ್ಕಿ ಬೇಳೆ ತುಪ್ಪ ಬೆಲ್ಲಗಳಿಗೆ 1,900, ಎಲೆ ಅಡಿಕೆ ಕೊಬ್ಬರಿ ಉತ್ತತ್ತಿಗಳಿಗೆ 400, ನೆರಳಿಗೆ ಕಟ್ಟಿಸಿದ ಶಾಮಿಯಾನಕ್ಕೆ 600. ಒಟ್ಟು 6,230 ರೂಪಾಯಿ. ಸಭಾಂಗಣದವರು ಊಟವನ್ನು ಬಿಟ್ಟು ಬರಿಯ ಜಾಗಕ್ಕೇ ಇದರ ಮೂರರಷ್ಟು ಕೇಳಿದ್ದರು. ಇದರಲ್ಲಿಯೂ ಸೀರೆಯೊಂದನ್ನು ಬಿಟ್ಟರೆ ಉಳಿದುದು ನಾಲ್ಕು ಸಾವಿರದ ಮಾತು. ಸೀರೆಯನ್ನು ಬಿಡುವುದಕ್ಕೆ ನಮ್ಮ ಗೃಹಿಣಿಯ ಒಪ್ಪಿಗೆಯಿರಲಿಲ್ಲ, ನಾವು ಕೇಳಲೂ ಇಲ್ಲ. ಇಷ್ಟೂ ಕೂಡದವರಿಗೆ ತಮ್ಮ ಊರಿನ ಅಂಗನವಾಡಿಯಲ್ಲಿ ಪೋಷಣ್ ಅಭಿಯಾನದ ದಿನ ಹತ್ತಾರು ಬಸುರಿಯರಿಗೆ ಕೂಡಿಯೇ ಉಡಿ ತುಂಬುವ ಪದ್ಧತಿ ಬಂದಿದೆ. ಅಲ್ಲಿಗೆ ಬುತ್ತಿ ಒಯ್ಯುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಕೌದಿಯು ಅಂದೇ ಮುಗಿಯಲಿಲ್ಲ. ನಲವತ್ತು ಕೈಗಳು ಹೊಲಿಯಲು ಕುಳಿತರೆ ಮಾತೇ ಹೆಚ್ಚು ನಡೆಯುವುದೆಂದು ನಮಗೆ ಮೊದಲೇ ತಿಳಿದಿದ್ದಿತು. ಅರ್ಧಂಬರ್ಧ ಹೊಲಿದುದನ್ನು ಹಿರಿಯ ಮಗಳು ಲಿಂಗಸುಗೂರಿಗೆ ಒಯ್ದು, ಮಕ್ಕಳು ಶಾಲೆಗೆ ಹೋದ ಹೊತ್ತಿನಲ್ಲಿ ಸಾಲು ಸಾಲು ಮುಗಿಸುತ್ತಿರುವಳು. ಬಂಗಾಳದ ಮುದುಕಿಯು ಕೊಟ್ಟ ಕೆಂಪಂಚಿನ ಬಿಳಿಯ ಸೀರೆಯ ತುಂಡು ನಡುವಿಗೆ ಬಂದಿದೆಯಂತೆ. ಹೆಸರುಗಳ ಕೊಡಕ್ಕೆ ಮೊಮ್ಮಗಳು ಅರಿವೆ ಬಿಗಿದು ಗಂಟು ಹಾಕಿ ನಮ್ಮ ಪುಸ್ತಕದ ಕಪಾಟಿನ ಮೇಲಿಟ್ಟು ಹೋಗಿದ್ದಾಳೆ. ಕೂಸು ಹುಟ್ಟುವವರೆಗೆ ಅಜ್ಜನೂ ಮುಟ್ಟಕೂಡದೆಂದು ಅಪ್ಪಣೆಯಾಗಿದೆ. ಅಳಿಯಂದಿರು ಪ್ರತಿ ಶನಿವಾರ ಬೆಂಗಳೂರಿನಿಂದ ಕರೆಮಾಡಿ, ಗುಳಿಗೆ ತೆಗೆದುಕೊಂಡಳೇ ಎಂದು ಮೊದಲು ಕೇಳುವರು. ಕೌದಿಯ ಅಂಚಿಗೆ ಹಸಿರು ಪಟ್ಟಿ ಬೇಕಾಗಿದೆ. ಬೀಗತಿಯವರು ತಮ್ಮ ಕುಬಸದ ಸೀರೆಯನ್ನು ಪೆಟ್ಟಿಗೆಯಲ್ಲಿ ಹುಡುಕುತ್ತಿದ್ದಾರೆ, ಸಿಕ್ಕರೆ ಬರುವ ಬುಧವಾರದ ಬಸ್ಸಿಗೆ ಕಳುಹಿಸುವರು.